ಭಾವ ಉಜ್ಜಿಟ್ಟ ತುತ್ತೂರಿ

ನನಗೆ ದೆವ್ವದ ಮೇಲೆ ನಂಬಿಕೆಯಿಲ್ಲ. ನಮ್ಮ ಭಾವನ ಮೇಲಂತೂ ಮೊದಲಿನಿಂದಲೂ ಇಲ್ಲ. ಹಳೆಯ ವಾದ್ಯಗಳನ್ನು ಯಾರು, ಯಾವ ಕಾಲದಲ್ಲಿ ಮಾಡಿದರೆಂದು ಪತ್ತೆಹಚ್ಚುವುದು ನನ್ನ ಕೆಲಸ. ಅದಕ್ಕೆಂದೇ ಭಾವನ ಅಂಗಡಿಗೆ ಬಂದಿದ್ದ ಹಿತ್ತಾಳೆಯ ತುತ್ತೂರಿಯನ್ನು, ನಾನು ನೋಡುವ ಮೊದಲೇ ಈ ಮಹಾನುಭಾವರು ಫಳಫಳ ಹೊಳೆಯುವಂತೆ ಉಜ್ಜಿಟ್ಟಿದ್ದರು. ಅಂಚಿನಲ್ಲಿ ಮಾಡಿದವನು ಒತ್ತಿದ್ದ ಮುದ್ರೆ ಸವೆದು ನುಣ್ಣಗಾಗಿತ್ತು.

“ಕೊಳೆ ಅಂದ್ಕೊಂಡೆ ಕಣೋ.”

“ನಿಮ್ಮ ತಲೆ! ಅದೊಂದೇ ಗುರುತು ಇದ್ದಿದ್ದು!”

ಮೈಯೆಲ್ಲ ಉರಿಯುತ್ತಿತ್ತು. ತುತ್ತೂರಿಯನ್ನು ಕಿತ್ತುಕೊಂಡರೆ ಅದರ ಅಗಲವಾದ ಬಾಯಿಂದ ನನ್ನ ಪಾದದ ಮೇಲೆ ನೀರು ತೊಟ್ಟಿಕ್ಕಿತು. ಬಹಳ ಹೊತ್ತು ಊದಿದರೆ ಉಸಿರೇ ಕೊಳವೆಯಲ್ಲಿ ಹೀಗೆ ನೀರಾಗುತ್ತದೆ. ನೀರಿನ್ನೂ ಬೆಚ್ಚಗಿತ್ತು.

“ಉಜ್ಜಿದ್ದು ಸಾಲ್ದು ಅಂತ ಊದಿದ್ರಾ?”

“ಅಮ್ಮನಾಣೆ ಇಲ್ಲ. ನಿಮ್ಮಕ್ಕನ್ನೇ ಕೇಳು.”

ಅಕ್ಕ ಒಳಗಿನಿಂದಲೇ ಇಲ್ಲವೆಂದಳು. ನಾನು ನಂಬಲಿಲ್ಲ. ನೀರೆಲ್ಲ ಒರೆಸಿ, ಬಾಯಿಗಿಡುವ ತುಂಡನ್ನು ಕಿತ್ತು ಜೇಬಿಗೆ ಹಾಕಿಕೊಂಡು ಊಟಕ್ಕೆ ಹೋದೆ. ಇನ್ನು ಹೇಗೆ ಊದುತ್ತಾರೋ ನೋಡೇಬಿಡೋಣ ಎಂಬ ಹಟ. ಬರುವಷ್ಟರಲ್ಲಿ ಮೇಜಿನ ಮೇಲೆ ಮತ್ತೆ ನೀರು ಮಡುಗಟ್ಟಿತ್ತು.

ಭಾವನ ಮೇಲೆ ಕೂಗಾಡುತ್ತಲೇ ಊದುವ ತುದಿಯಿಂದ ಕೊಳವೆಯೊಳಗೆ ತಂತಿ ತೂರಿಸಿದೆ. ಅದು ಗೇಣುದ್ದ ಹೋಗಿ ನಿಂತಿತು. ದೀಪ ಹಿಡಿದು ನೋಡಿದರೆ, ಕೊಳವೆಯನ್ನು ಬೆಸುಗೆ ಹಾಕಿ ಮುಚ್ಚಿದ್ದರು. ಬೆಸುಗೆ ತುತ್ತೂರಿಯಷ್ಟೇ ಹಳೆಯದು. ಮಾಡಿದವನೇ ಬೇಕೆಂದು ಮುಚ್ಚಿದ್ದ. ಅದರಾಚೆಗೆ ಯಾರ ಉಸಿರೂ ದಾಟುವಂತಿರಲಿಲ್ಲ.

ಆದರೂ ಬೈಯಲೆಂದು ಬಾಯಿ ತೆರೆದೆ. ತೊಡೆಗೆ ಒದ್ದೆ ತಾಗಿತು. ಜೇಬಿಗೆ ಕೈ ಹಾಕಿದೆ. ಬಾಯಿಗಿಡುವ ತುಂಡು, ಯಾರೋ ಈಗಷ್ಟೇ ತುಟಿಯಿಂದ ತೆಗೆದಂತೆ, ಬೆಚ್ಚಗಿತ್ತು.