ಹಿಂದಿನ ಖೋಲಿಯ ನೀರು

"ಈ ನಳದ ನೀರು ಬಾಯಾಗ ಹಾಕಬ್ಯಾಡ್ರಿ ಅಕ್ಕಾರ," ಎಂದಳು ಶಾರವ್ವ. ಲಾಡ್ಜಿನ ಕಸ ಹೊಡೆಯುವವಳು. ಹೊಸ್ತಿಲ ಆಚೆಯೇ ನಿಂತಿದ್ದಳು, ಖೋಲಿಯೊಳಗೆ ಕಾಲಿಟ್ಟಿರಲಿಲ್ಲ. "ಜಳಕಾ ಮಾಡ್ರಿ, ಅರಬಿ ಒಗಕೋರಿ. ಕುಡಿಯಾಕ ಮಾತ್ರ ಬ್ಯಾಡ."

"ಯಾಕ, ಹೊಲಸ ಅದ ಏನು?"

"ಹೊಲಸಲ್ರಿ. ಮಾಟದ್ದೈತಿ."

ಅಮಿತಾ ನಕ್ಕಳು. ಎರಡು ದಿನದ ಪ್ರಯಾಣದಲ್ಲಿ ಅವಳಿಗೆ ನಗು ಬಂದದ್ದು ಅದೇ ಮೊದಲು. ಹುಟ್ಟಿ ಬೆಳೆದದ್ದು ನೈರೋಬಿಯಲ್ಲಿ. ಕೈಯಲ್ಲಿದ್ದದ್ದು ಕೆನ್ಯಾದ ಪಾಸ್‌ಪೋರ್ಟು. ಬಾದಾಮಿಯಿಂದ ಮದುವೆಯಾಗಿ ಅಲ್ಲಿಗೆ ಹೋಗಿದ್ದ ಅಜ್ಜಿ ರುಕ್ಮಿಣೀಬಾಯಿ ಕಲಿಸಿದ ಕನ್ನಡವೊಂದೇ ಈ ಊರಿಗೂ ಅವಳಿಗೂ ಇದ್ದ ನಂಟು. ನೀರಿನ ಮೀಟರು ತಯಾರಿಸುವ ಅವಳ ಕಂಪನಿ, ಮರೋಳದ ಕಡೆಯ ರೈತರಿಗೆ ಹೊಸ ಮೀಟರು ಬಳಸುವುದನ್ನು ಕಲಿಸಲು ನಾಲ್ಕು ದಿನಕ್ಕೆ ಹುನಗುಂದಕ್ಕೆ ಕಳಿಸಿತ್ತು.

ಆಫೀಸಿನವರು ತೋರಿಸಿದ ಫೋಟೋದಲ್ಲಿ ಲಾಡ್ಜಿಗೆ ಈಜುಕೊಳವಿತ್ತು, ಬಿಳಿ ಪರದೆಗಳಿದ್ದವು. ಇಲ್ಲಿ ನೋಡಿದರೆ ಹಿತ್ತಲಲ್ಲಿ ಸಿಮೆಂಟಿನ ಹಾಸು ಮುಚ್ಚಿದ ಹಳೆಯ ಬಾವಿ. ಮುಂದಿನ ಖೋಲಿಗಳಿಗೆ ಬಣ್ಣ ಹಚ್ಚುತ್ತಿದ್ದಾರೆಂದು ಮಾಲಕ ನೀಲಪ್ಪ ಹಿಂದಿನ ಖೋಲಿಯ ಕೀಲಿ ಕೊಟ್ಟಿದ್ದ. ಕಿಟಕಿ ತೆರೆದರೆ ಗೋಡೆ. ಬೆಳಗಿನ ಹನ್ನೊಂದಕ್ಕೇ ಒಳಗೆ ಕತ್ತಲು. ಹಸಿ ಗಾದಿಯ ಮುಗ್ಗು, ಡಾಂಬರು ಗುಳಿಗೆಯ ಘಾಟು, ಅದರಡಿಗೆ ಇನ್ನೊಂದು ವಾಸನೆ. ಕೂದಲು ಸುಟ್ಟಂಥದು. ಆಫೀಸಿಗೆ ಫೋನು ಮಾಡಿದಳು. ಬೇರೆಲ್ಲೂ ಜಾಗವಿಲ್ಲ, ನಾಲ್ಕು ದಿನ ಸುಧಾರಿಸಿಕೋ ಎಂದರು.

ಅವಳು ಚೀಲದಿಂದ ನೀರು ಪರೀಕ್ಷಿಸುವ ಪೆನ್ನಿನಂಥ ಯಂತ್ರ ತೆಗೆದು, ಲೋಟದಲ್ಲಿ ಹಿಡಿದ ನೀರಿಗೆ ಅದ್ದಿದಳು.

"ನೋಡ್ರಿ, ನಮ್ಮೂರ ನೀರಕಿಂತ ಚಲೋ ಅದ. ಮಾಟಾ ಇದ್ದಿದ್ರ ಇದರಾಗ ಕಾಣಸ್ತಿತ್ತು."

ಹಾಗೆಂದು ಗಟಗಟನೆ ಕುಡಿದಳು. ಶಾರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಟುಹೋದಳು.

ನೀರು ತಣ್ಣಗಿತ್ತು, ಸಿಹಿಯಾಗಿತ್ತು. ಗಂಟಲಿಳಿದ ಮೇಲೆ ನಾಲಗೆ ಒಣಗಿತು. ಇನ್ನೊಂದು ಲೋಟ ಕುಡಿದಳು. ಮತ್ತೊಂದು. ಬಿಸಿಲಿನ ಊರು, ಪ್ರಯಾಣದ ದಣಿವು ಎಂದುಕೊಂಡಳು. ಸಂಜೆಗೆ ಅಂಗಡಿಯಿಂದ ಬಾಟಲಿಗಳ ಒಂದು ಬಾಕ್ಸು ಕೊಂಡು ತಂದಳು. ಮರುದಿನ ಮರೋಳದಲ್ಲಿ ಮೀಟರಿನ ಬಗ್ಗೆ ಹೇಳಲು ನಿಂತಾಗ ಮಾತಿಗೊಮ್ಮೆ ಬಾಟಲಿ ಎತ್ತುತ್ತಿದ್ದಳು. ಹೊಟ್ಟೆ ಬಿಗಿದು ನಗಾರಿಯಾಗಿತ್ತು. ತುಟಿ ಸೀಳಿ ರಕ್ತ ಜಿನುಗುತ್ತಿತ್ತು. ದವಾಖಾನೆಯಲ್ಲಿ ಎರಡು ಸಲಾಯಿನ್ ಏರಿಸಿದ ಡಾಕ್ಟರು, "ರಿಪೋರ್ಟಿನಾಗ ಏನೂ ಇಲ್ರಿ," ಎಂದು ತಲೆ ಕೆರೆದುಕೊಂಡರು.

ಮೂರನೆಯ ದಿನ ಮಧ್ಯಾಹ್ನ ಕರೆಂಟು ಹೋಗಿತ್ತು. ಫ್ಯಾನು ನಿಂತಿತ್ತು. ಆ ನಿಶ್ಶಬ್ದದಲ್ಲಿ ಅಮಿತಾ ಬಾಟಲಿ ಬಾಯಿಗಿಟ್ಟಳು.

ಗುಟುಕ್.

ಸದ್ದು ಗೋಡೆಯ ಆಚೆಯಿಂದ ಬಂತು. ಬಾವಿಯ ಕಡೆಯಿಂದ.

ಅವಳು ನಿಲ್ಲಿಸಿದಳು. ಅದೂ ನಿಲ್ಲಿಸಿತು. ಮತ್ತೆ ನುಂಗಿದಳು. ಗುಟುಕ್. ತನ್ನ ಗಂಟಲ ಮೇಲೆ ಕೈಯಿಟ್ಟು ನೋಡಿದಳು. ಗಂಟಲು ಆಡುತ್ತಿತ್ತು. ಸದ್ದು ಮಾತ್ರ ಇಲ್ಲ. ಸದ್ದೆಲ್ಲ ಅಲ್ಲಿ. ನೀರು ಇವಳ ಬಾಯಲ್ಲಿ, ತಣಿವು ಇನ್ನಾರಿಗೋ. ಸುಟ್ಟ ಕೂದಲಿನ ವಾಸನೆ ದಟ್ಟವಾಯಿತು. ಬಾಟಲಿ ಕೆಳಗಿಟ್ಟಳು. ಗೋಡೆಯ ಆಚೆ ಯಾರೋ ತುಟಿ ಚಪ್ಪರಿಸಿದರು. ಇನ್ನಷ್ಟು ಬೇಕೆಂಬಂತೆ.

ಬರಿಗಾಲಲ್ಲೇ ಓಡಿಬಂದಳು. ವರಾಂಡದಲ್ಲಿ ಶಾರವ್ವ ನೆಲ ಒರೆಸುತ್ತಿದ್ದಳು.

"ಏನದು, ಹೇಳ್ರಿ."

ಶಾರವ್ವ ಅತ್ತಿತ್ತ ನೋಡಿ ದನಿ ತಗ್ಗಿಸಿದಳು. "ನೀಲಪ್ಪನ ಪಾರ್ಟನರು ಬ್ಯಾರಿ ಆಗೂಮುಂದ ಲಾಡ್ಜ್ ಹಾಳಾಗ್ಲಿ ಅಂತ ಬಾವ್ಯಾಗ ಮಾಟಾ ಹಾಕಿಸ್ಯಾರ್ರಿ. ಈ ಖೋಲಿಗೆ ಅಲ್ಲಿಂದೇ ನೀರು ಬರ್ತೈತಿ."

"ಬಿಡಿಸ್ಲಿಕ್ಕೆ ಬರೂದಿಲ್ಲೇನು?"

"ಹಾಕಿದಾಂವ ಸತ್ತಾನ." ಅರಿವೆಯನ್ನು ಬಕೀಟಿನ ಮೇಲೆ ಹಿಂಡಿದಳು. "ಕೊಂಡ ನೀರಿಗೆ ಹೋಗೂದಿಲ್ರಿ ಅದು. ಯಾರರ ಮರುಗಿ, ತಾವು ಕುಡಿಯೂ ನೀರು ತಮ್ಮ ಕೈಲೇ ಕೊಟ್ರ ಅವರ ಮ್ಯಾಲೆ ಹೊಕ್ಕೈತಿ. ನಮ್ಮ ಸೊಸಿ ಮಾಯಾ ಹಂಗ ಕೊಟ್ಟಿದ್ಲು, ಒಬ್ಬ ಸಾಹೇಬಗ."

"ಈಗ ಹೆಂಗಿದ್ದಾಳ?"

"ಹನ್ನೊಂದ ದಿನ ಇದ್ಲು." ಶಾರವ್ವ ಬಕೀಟು ಎತ್ತಿಕೊಂಡು ಎದ್ದಳು. "ನನ್ನ ಕಡೆ ಮಾತ್ರ ಬೇಡಬ್ಯಾಡ್ರಿ."

ಅಂದೇ ಹೊರಡಲು ಅಮಿತಾ ಚೀಲ ಕಟ್ಟಿದಳು. ಯಾರ ಕೈಯಿಂದಲೂ ಹನಿ ನೀರು ಮುಟ್ಟುವುದಿಲ್ಲವೆಂದು ಗಟ್ಟಿ ಮಾಡಿಕೊಂಡಳು.

ಬಾಗಲಕೋಟೆ ಸ್ಟೇಷನ್ನಿಗೆ ಬಿಡಲು ಜೀಪು ತಂದವನು ಫಾರೂಕ. ಇಳಕಲ್ಲಿನವನು, ಎರಡು ದಿನದಿಂದ ಅವಳನ್ನು ಮರೋಳಕ್ಕೆ ಕರೆದೊಯ್ಯುತ್ತಿದ್ದ ಡ್ರೈವರು. ಅಮೀನಗಡದ ಹತ್ತಿರ ಕನ್ನಡಿಯಲ್ಲಿ ಅವಳ ಮುಖ ನೋಡಿ ಜೀಪು ಬದಿಗೆ ನಿಲ್ಲಿಸಿದ. ಹಸಿ ಬಟ್ಟೆ ಸುತ್ತಿದ ಬಾಟಲಿಯ ಮುಚ್ಚಳ ತೆಗೆದು ಹಿಂದಕ್ಕೆ ಚಾಚಿದ.

"ತಗೋರಿ ಮೇಡಂ. ಅಂಗಡಿ ನೀರು ನಿಮಗ ಹಿಡಿಸವಲ್ದು. ಇದು ಮನ್ಯಾಗಿಂದು."

ಬೇಡ, ಕೊಡಬೇಡ ಎಂದು ಹೇಳಲು ಅವಳಿಗೆ ಬರುತ್ತಿತ್ತು. ಆಮೇಲೆ ಎಷ್ಟು ನೆಪ ಹುಡುಕಿದರೂ ಅದು ಸುಳ್ಳಾಗಲಿಲ್ಲ. ಬರುತ್ತಿತ್ತು. ಆದರೆ ಕೈ ಮುಂದೆ ಹೋಯಿತು. ಬಾಟಲಿ ತುಟಿಗೆ ತಾಗಿತು. ಗುಟುಕ್. ತನ್ನದೇ ಗಂಟಲಿನ ಸದ್ದು. ಎದೆಯೊಳಗೆಲ್ಲ ತಂಪು ಹರಿಯಿತು. ಅವಳು ಅತ್ತಳು.

"ಕಡೀಕ ನೀರು ಹಿಡಿಸ್ತು ನೋಡ್ರಿ," ಎಂದು ಫಾರೂಕ ನಕ್ಕು ಗಾಡಿ ಶುರು ಮಾಡಿದ.

ಹತ್ತು ಮೈಲಿ ದಾಟುವುದರೊಳಗೆ ಒಂದು ಅಂಗಡಿಯ ಮುಂದೆ ನಿಲ್ಲಿಸಿ ಬಾಟಲಿ ಕೊಂಡ. ಊರು ಮುಟ್ಟುವುದರೊಳಗೆ ಇನ್ನೂ ಮೂರು. ಮಾತು ನಿಂತಿತು. ಸ್ಟೇಷನ್ನಿನಲ್ಲಿ ಅವಳ ಚೀಲವನ್ನು ಬೋಗಿಯ ತನಕ ಹೊತ್ತು ತಂದು ಸೀಟಿನಡಿ ಸರಿಸಿದ. ಅವನ ತುಟಿಗಳು ಬಿಳಿಚಿಕೊಂಡಿದ್ದವು.

"ಬಿಸಲ ಭಾಳ ಆತು. ನಿಮ್ಮ ಕಡೆ ಒಂದ ಗುಟುಕ ನೀರೈತೇನ್ರಿ ಮೇಡಂ?"

ಅವಳ ಮಡಿಲಲ್ಲಿ ತುಂಬಿದ ಬಾಟಲಿಯಿತ್ತು. ಅಮಿತಾ ಅದರ ಮೇಲೆ ದುಪಟ್ಟಾ ಎಳೆದಳು.

"ಇಲ್ಲ ಫಾರೂಕ. ಖಾಲಿ ಆಗೇದ."

"ಇರ್ಲಿ ಬಿಡ್ರಿ. ಮನಿಗೆ ಹೋದಕೂಡ್ಲೆ ನಮ್ಮ ಮುಬಶೀರಾ ಕೊಡ್ತಾಳ," ಎಂದು ಅವನು ಇಳಿದುಹೋದ.

ಮುಬಶೀರಾ. ಅವನ ಹೆಂಡತಿ. ಅಮಿತಾ ಎದ್ದು ಬಾಗಿಲಿಗೆ ಓಡಿದಳು. ರೈಲು ಹೊರಟಿತ್ತು. ಹೆಸರು ಹಿಡಿದು ಕೂಗಿದಳು, ಕುಡಿಯಬೇಡ ಎಂದಳು, ಅವಳ ಕೈಯಿಂದ ಬೇಡ ಎಂದಳು. ಪ್ಲಾಟ್‌ಫಾರ್ಮಿನ ನಳಕ್ಕೆ ಬಾಯಿ ಹಚ್ಚಿ ಬಗ್ಗಿದ್ದ ಫಾರೂಕ ತಲೆ ಎತ್ತಲಿಲ್ಲ. ವಿದಾಯ ಹೇಳುತ್ತಿದ್ದಾಳೆಂದುಕೊಂಡು ಒಂದು ಕೈಯನ್ನಷ್ಟೇ ಮೇಲೆತ್ತಿ ಬೀಸಿದ.