ಮೂರನೆಯ ಹಳದಿ ದೀಪ

ರೋನೆಲ್ ಸ್ಟಿಡಮ್ ಹಾಕಿದ ಬೆಸುಗೆಗೆ ಹದಿನಾಲ್ಕು ವರ್ಷದಲ್ಲಿ ಯಾರೂ ಬೆರಳಿಟ್ಟು ಕೊರತೆ ಹೇಳಿದ್ದಿಲ್ಲ. ಹಾಗಿರುವಾಗ, ಏಪ್ರಿಲ್ ತಿಂಗಳ ಒಂದು ಶನಿವಾರ ಬೆಳಿಗ್ಗೆ ಬೆತೆಲ್ ಚರ್ಚ್ ಸಭೆಯ ಹಿಂದಿನ ಶೆಡ್ಡಿಗೆ ಬಂದು ನೋಡುತ್ತಾಳೆ, ಸಭೆಯವರು ಕರೆಸಿದ್ದಕ್ಕೆ ಹೋದ ವಾರ ಅಲ್ಲಿನ ಕಾರಿನ ಕೊಳವೆಗೆ ತಾನು ಹಾಕಿಹೋದ ಬೆಸುಗೆಯನ್ನೇ ಒಬ್ಬ ಮನುಷ್ಯ ಮೊಣಕಾಲೂರಿ ಕೂತು ಗ್ರೈಂಡರಿನಿಂದ ಉಜ್ಜಿ ತೆಗೆಯುತ್ತಿದ್ದಾನೆ!

"ಏಯ್! ಏನ್ ಮಾಡ್ತಿದೀರಿ ಅಲ್ಲಿ?"

ಕಿಡಿ ನಿಂತಿತು. ಆತ ಕನ್ನಡಕ ಮೇಲೆತ್ತಿದ. ಮುಖವೆಲ್ಲ ಕಬ್ಬಿಣದ ಧೂಳು, ಕಣ್ಣ ಸುತ್ತ ಮಾತ್ರ ಎರಡು ಬಿಳಿ ಬಳೆ.

"ಸಿಸ್ಟರ್ ರೋನೆಲ್ ಅಲ್ವಾ? ನಾನು ಎಲ್ಡನ್. ಹೋದ ವಾರ ಶಾಲೆ ಬಸ್ಸು ರಿಪೇರಿಗೆ ಬಂದಿತ್ತು, ನೀವು ಬಂದಾಗ ಇರೋಕಾಗ್ಲಿಲ್ಲ." ಗ್ರೈಂಡರ್ ಕೆಳಗಿಟ್ಟ. "ಇಲ್ಲೊಂದು ತೂತು ಇತ್ತು. ಸೂಜಿಮೊನೆಯಷ್ಟು."

"ಎಲ್ಲಿ?"

"ಕೊಳವೆಯ ಹಿಂದುಗಡೆ."

"ಹಿಂದುಗಡೆ ಯಾರ್ ನೋಡ್ತಾರೆ ಮಾರಾಯ್ರೇ?"

ಆತ ತಗಡಿನ ಮಾಡಿನ ಕಡೆ ಕಣ್ಣೆತ್ತಿದ, ಅಷ್ಟೆ. ಆ ಮಾಡಿನ ಮೇಲೆ ಯಾರೋ ಪರಿಚಯದವರು ಕೂತು ಕೆಳಗೆ ಬಗ್ಗಿ ನೋಡುತ್ತಿದ್ದಾರೇನೋ ಎಂಬ ಹಾಗೆ.

ರೋನೆಲ್‌ಗೆ ಕೈಲಿದ್ದ ಬೆಸುಗೆಯ ಮುಖವಾಡದಿಂದಲೇ ಅವನಿಗೆ ಬಾರಿಸೋಣ ಅನ್ನಿಸಿತು. ಅದರ ಬೆನ್ನಿಗೇ ನಗುವೂ ಬಂತು. ಆ ಎರಡೂ ಒಟ್ಟಿಗೆ ಬಂದದ್ದೇ ಕೆಟ್ಟದ್ದಾಯಿತು.

ಎಲ್ಡನ್ ಮಾಬ್ರಿಗೆ ಆಗ ನಲವತ್ತೊಂದು. ಅಮೆರಿಕದ ಟೆನೆಸ್ಸಿ ರಾಜ್ಯದ ಆ ಸಣ್ಣ ಊರಲ್ಲಿ ಶಾಲೆಯ ಬಸ್ಸುಗಳನ್ನು ರಿಪೇರಿ ಮಾಡುವವನು. ಎರಡು ಬಾಗಿಲಿನ ಹಳೆಯ ಶೆವಿ ಕಾರೊಂದನ್ನು ಎಲುಬಿನವರೆಗೂ ಬಿಚ್ಚಿ, ಕಾಲು ಮೈಲಿ ಹಾದಿಯನ್ನು ಹತ್ತು ಸೆಕೆಂಡಿನಲ್ಲಿ ಸೀಳಿಕೊಂಡು ಹೋಗುವ ಪಂದ್ಯದ ಕಾರಾಗಿ ಕಟ್ಟುತ್ತಿದ್ದ. ಆರು ವರ್ಷದಿಂದ ಕಟ್ಟುತ್ತಲೇ ಇದ್ದ. ಕಾರು ತನ್ನದಲ್ಲ, ದೇವರದ್ದು ಅನ್ನುತ್ತಿದ್ದ.

"ದೇವರಿಗೆ ಕಾರ್ ಯಾತಕ್ಕೆ? ಅವನಿಗೇನು ಅಷ್ಟು ಅವಸರ?" ಎಂದು ರೋನೆಲ್ ನೇರವಾಗಿಯೇ ಕೇಳಿದಳು.

ಉತ್ತರ ಬಂದದ್ದು ಎಲ್ಡನ್‌ನ ಚಿಕ್ಕಮ್ಮ ವರ್ನೀಸ್ ಬಾಯಿಂದ. ಆಕೆ ಸಿಹಿ ಟೀ ತುಂಬಿದ ಜಗ್ಗು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಬುಧವಾರ ಸಂಜೆ ಸಭೆಯಲ್ಲಿ ಒಬ್ಬೊಬ್ಬರೂ ಎದ್ದು ಸಾಕ್ಷಿ ಹೇಳ್ತಾರಮ್ಮ, ದೇವರು ನನ್ನ ಹಿಂಗೆ ಕಾಪಾಡಿದ, ಹಂಗೆ ಎತ್ತಿದ ಅಂತ. ಇವನೂ ಏಳ್ತಾನೆ. ಟೋಪಿ ಹಿಂಡ್ತಾನೆ. ಕೂತ್ಕೋತಾನೆ. ಇಪ್ಪತ್ತು ವರ್ಷದಿಂದ ಇದೇ ಆಯ್ತು. ಟೋಪಿನೇ ಆರು ಹಾಳಾದ್ವು!"

ಎಲ್ಡನ್‌ನ ಕಿವಿ ಕೆಂಪಗಾಯಿತು. "ಇಪ್ಪತ್ತೊಂದನೇ ವಯಸ್ಸಲ್ಲಿ ಕುಡಿದು ಕಾರು ಉರುಳಿಸಿದೆ. ಕಾರು ಮುದ್ದೆಯಾಯ್ತು, ನನಗೊಂದು ಗೀರಿಲ್ಲ. ಕಾರಲ್ಲೇ ಸಾಯ್ಬೇಕಾದವನು. ಕಾರನ್ನೇ ಕೊಡೋಣ ಅಂತ." ಬಟ್ಟೆಯಿಂದ ಕೈ ಒರೆಸಿಕೊಂಡ. "ನಾಲಿಗೆ ಏಳಲ್ಲ ನನಗೆ. ಕೈ ಏಳುತ್ತೆ."

ಅವನು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ತಾನು ಕೇಳಿಯೇ ಇರಲಿಲ್ಲ ಎಂದು ಚಿಕ್ಕಮ್ಮ ಆಮೇಲೆ ಊರೆಲ್ಲ ಹೇಳಿಕೊಂಡು ಬಂದಳು.

ರೋನೆಲ್ ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವಳು. ಏಳು ವರ್ಷದಲ್ಲಿ ನಾಲ್ಕು ಊರು. ಪಡುಕಾ ಎಂಬ ಊರಲ್ಲಿ ನಿಶ್ಚಯವಾಗಿದ್ದ ಮದುವೆಯನ್ನು ಎಂಟು ದಿನ ಮುಂಚೆ ಬಿಟ್ಟು ಬಂದವಳು. ಹುಡುಗಿಯಾಗಿದ್ದಾಗ ಅಪ್ಪನ ಕಾರನ್ನು ಇದೇ ಪಂದ್ಯಗಳಲ್ಲಿ ಓಡಿಸಿದ್ದಳು. ಪ್ರತಿ ಸಲವೂ ಹಸಿರು ದೀಪಕ್ಕೆ ಮುಂಚೆ ಹೊರಟು, ಕೆಂಪು ದೀಪ ಹೊತ್ತಿಸಿಕೊಂಡು ಸೋತಿದ್ದಳು. ಹೊರಡುವುದರಲ್ಲಿ ಆಕೆ ಎಂದೂ ತಡಮಾಡಿದವಳಲ್ಲ.

ಅಂಥವಳು ಶನಿವಾರ ಬಂತೆಂದರೆ ಆ ಶೆಡ್ಡಿನಲ್ಲಿ. ಮೊದಲು ಬರೀ ಒಂದು ತಿಂಗಳ ಕೆಲಸ ಅಂದುಕೊಂಡದ್ದು. ಮೇ ಹೋಯಿತು, ಜೂನ್ ಹೋಯಿತು. ಓಡಿಸುವವನನ್ನು ಕಾಪಾಡುವ ಕೊಳವೆಗಳ ಪಂಜರ ಮುಗಿಯಿತು. ಒಂದೊಂದು ಬೆಸುಗೆಯೂ ಮೀನಿನ ಹುರುಪೆ ಕೂತ ಹಾಗೆ ಕೂತಿತ್ತು. ಎಲ್ಡನ್ ಸಣ್ಣ ಕನ್ನಡಿ ಹಿಡಿದು ಹಿಂದುಗಡೆಯನ್ನೆಲ್ಲ ನೋಡಿದ. ಗ್ರೈಂಡರಿಗೆ ಕೈ ಹಾಕಲಿಲ್ಲ. ಅಂದು ರೋನೆಲ್‌ಗೆ ಆದ ಖುಷಿ ಎಷ್ಟೆಂದರೆ, ಅವಳಿಗೇ ನಾಚಿಕೆಯಾಯಿತು.

ಬೆಂಕಿ ಆರಿಸುವ ಸಿಲಿಂಡರ್ ಕಟ್ಟಲು ಸೀಟಿನ ಪಕ್ಕ ಒಂದು ಸಣ್ಣ ಕಬ್ಬಿಣದ ಪಟ್ಟಿ ಕೂರಿಸುವುದು ಬಾಕಿ ಇತ್ತು. ಎಲ್ಡನ್ ಪಟ್ಟಿ ಹಿಡಿದುಕೊಂಡಿದ್ದ, ಮುಖ ಆಚೆ ತಿರುಗಿಸಿ.

"ಸಿಸ್ಟರ್, ಸ್ವಲ್ಪ ಎಡಕ್ಕೆ..."

"ಸಿಸ್ಟರ್ ಅನ್ಬೇಡಿ ಅಂತ ಎಷ್ಟು ಸಲ ಹೇಳೋದು? ನಾನು ನಿಮ್ಮ ಸಭೆಯವಳೂ ಅಲ್ಲ, ನಿಮ್ಮ ಅಮ್ಮನ ಮಗಳೂ ಅಲ್ಲ."

"ಮತ್ತೇನನ್ಲಿ?"

"ಹೆಸರಿದೆಯಲ್ಲ."

ಅವಳು ಮುಖವಾಡ ಇಳಿಸಿ ಬೆಸುಗೆ ಹೊತ್ತಿಸಿದಳು. ಆಮೇಲೆ ಆತ ಬಹಳ ಗಂಭೀರವಾಗಿ, "ಬರೀ ಹೆಸರು ಹೇಳೋಕೆ ಹೋದ್ರೆ ಕೈಲಿರೋದು ಬಿದ್ದೋಗುತ್ತೆ. ಮನೇಲಿ ಹೇಳಿ ನೋಡಿದೆ. ಎರಡು ತಟ್ಟೆ ಒಡೀತು," ಎಂದ.

ರೋನೆಲ್ ಕಿಸಕ್ಕನೆ ನಕ್ಕಳು. ಕೈ ಅಲುಗಿತು. ಬೆಸುಗೆ ಹಾವು ಹರಿದಂತೆ ಸೊಟ್ಟಗೆ ಹೋಯಿತು. ಮುಖವಾಡ ಎತ್ತಿ ನೋಡಿದರೆ, ಆಚೆ ನೋಡುತ್ತಿರಬೇಕಾಗಿದ್ದ ಆ ಬೂದು ಕಣ್ಣು ತನ್ನನ್ನೇ ನೋಡುತ್ತಿದೆ. ಬೆಂಕಿಯ ಬೆಳಕಿಗೆ ನೀರಾಡುತ್ತಿದ್ದರೂ ರೆಪ್ಪೆ ಮುಚ್ಚಿಲ್ಲ.

"ಕಣ್ಣು ಹೋಗುತ್ತೆ ರೀ ಹಂಗೆ ನೋಡಿದ್ರೆ!"

"ಹೋಗ್ಲಿ ಬಿಡಿ."

"ಪಟ್ಟಿ ಸೊಟ್ಟಗಾಯ್ತು."

"ಆಮೇಲೆ ನೋಡ್ಕೋತೀನಿ," ಎಂದ ಎಲ್ಡನ್.

ಜುಲೈನಲ್ಲಿ ತಪಾಸಣೆಯವರು ಬಂದು, ಕೊಳವೆ ತಟ್ಟಿ ನೋಡಿ, ಪಂಜರಕ್ಕೆ ಪಾಸ್ ಆದ ಚೀಟಿ ಅಂಟಿಸಿ ಹೋದರು. ಕಾರು ಸಿದ್ಧ. ಸಭೆಯ ಪಾಸ್ಟರ್ ಬ್ರದರ್ ಹಾಲಿಸ್ ಸೆಪ್ಟೆಂಬರಿನ ಪಂದ್ಯಕ್ಕೆ ಹೆಸರು ಕೊಡುವ ಅರ್ಜಿಯನ್ನು ತಂದು ಮೇಜಿನ ಮೇಲಿಟ್ಟರು. ಮರುವಾರ ರೋನೆಲ್ ಬಂದಾಗ ಅರ್ಜಿ ಅಲ್ಲೇ ಇತ್ತು. ಇಂಜಿನ್ ಮಾತ್ರ ಮತ್ತೆ ಬಿಚ್ಚಿ ನೆಲದ ಮೇಲೆ ಹರಡಿತ್ತು.

"ಇದೇನಿದು?"

"ಏನೋ ಒಂದು ಸದ್ದು ಕೇಳಿದ ಹಾಗಾಯ್ತು."

"ನನಗೆ ಕೇಳ್ಲಿಲ್ಲ. ಚಿಕ್ಕಮ್ಮಂಗೆ ಕೇಳ್ಲಿಲ್ಲ. ತಪಾಸಣೆಯವರಿಗೂ ಕೇಳ್ಲಿಲ್ಲ."

"ದೇವರಿಗೆ ಕೊಡೋದರಲ್ಲಿ ಕುಂದು ಇರಬಾರದು, ರೋ... ಸಿಸ್ಟರ್. ಹಳೆ ಕಾಲದಲ್ಲಿ ಕುರಿ ಬಲಿ ಕೊಡ್ತಿದ್ದಾಗ್ಲೂ ಕುಂದಿಲ್ಲದ್ದೇ ಕೊಡ್ತಿದ್ರು."

ರೋನೆಲ್ ಮೇಜಿಗೆ ಒರಗಿ ನಿಂತಳು. ಅವಳ ಕಾಲು ತನ್ನಷ್ಟಕ್ಕೆ ನೆಲ ಕುಟ್ಟುತ್ತಿತ್ತು. "ಕೊಡ್ತಿದ್ರು ತಾನೆ? ನೀವು ಕುರಿ ತೊಳೀತೀರಿ, ಬಾಚ್ತೀರಿ, ಕೊಟ್ಟಿಗೇಲಿ ಕಟ್ಟಿ ಬಾಗ್ಲು ಹಾಕ್ತೀರಿ. ಅದು ಕಾಣಿಕೆ ಅಲ್ಲ ಎಲ್ಡನ್, ಸಾಕಿದ ಕುರಿ."

ಆತ ನೆಲದ ಮೇಲೆ ಹರಡಿದ್ದ ಭಾಗಗಳನ್ನೆಲ್ಲ ಒಂದೊಂದಾಗಿ ನೋಡಿದ. ಕೊನೆಗೆ ಎದ್ದು, ಕೈ ತೊಳೆದು, ಅರ್ಜಿಗೆ ಸಹಿ ಹಾಕಿದ.

ಆಗ ಅವಳೂ ಹೇಳಿಬಿಟ್ಟಳು. ಜೇಬಿನಲ್ಲಿ ಹತ್ತು ದಿನದಿಂದ ಮಡಚಿಟ್ಟಿದ್ದ ಕಾಗದದ ಸಂಗತಿ. ದಕ್ಷಿಣದ ಕಡಲತೀರದಲ್ಲಿ ಹಡಗು ಕಟ್ಟುವ ಕೆಲಸ. ಪಂದ್ಯ ಮುಗಿದ ಮರುದಿನ, ಸೋಮವಾರ ಬೆಳಿಗ್ಗೆ ಅಲ್ಲಿರಬೇಕು. ಎಂಟು ತಾಸಿನ ದಾರಿ.

"ಓ," ಎಂದ ಎಲ್ಡನ್. "ಒಳ್ಳೇದು."

ಅಷ್ಟೇ! ಒಂದು ಬಟ್ಟೆ ತೆಗೆದುಕೊಂಡು, ಮೊದಲೇ ಹೊಳೆಯುತ್ತಿದ್ದ ಬಾಗಿಲನ್ನು ಒರೆಸತೊಡಗಿದ. ರೋನೆಲ್ ದಡದಡನೆ ಹೊರಗೆ ಬಂದು ತನ್ನ ಪಿಕಪ್ಪು ಗಾಡಿಯಲ್ಲಿ ಕೂತಳು. ಇರು ಅನ್ನಬಾರದೇ ಈ ಮನುಷ್ಯ? ಅಂದರೆ ಇರುತ್ತಿದ್ದೆನೇ? ಅದೂ ಗೊತ್ತಿಲ್ಲ. ಅನ್ನಬೇಕಿತ್ತು, ಅಷ್ಟೆ. ಅಂದಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಸೆಪ್ಟೆಂಬರ್ ಬಂತು. ಪಂದ್ಯದ ಹಾದಿಯಲ್ಲಿ ಕಾರು ಹೊರಡುವ ಕಡೆ ದೀಪದ ಕಂಬ. ಅದಕ್ಕೆ ಕ್ರಿಸ್ಮಸ್ ಮರ ಅಂತಲೇ ಹೆಸರು. ಅರ್ಧರ್ಧ ಸೆಕೆಂಡಿಗೆ ಒಂದರಂತೆ ಮೂರು ಹಳದಿ ದೀಪ ಹೊತ್ತುತ್ತವೆ, ಆಮೇಲೆ ಹಸಿರು. ಪಂದ್ಯದ ಮುನ್ನಾದಿನ, ಶನಿವಾರದ ಅಭ್ಯಾಸದ ಓಟದಲ್ಲಿ ಎಲ್ಡನ್ ಎರಡು ಸಲವೂ ಹಸಿರನ್ನು ಕಣ್ಣಾರೆ ಕಂಡು, ಖಾತ್ರಿ ಮಾಡಿಕೊಂಡು, ಆಮೇಲೆ ಹೊರಟ. ಪಕ್ಕದ ಕಾರು ಅಷ್ಟರಲ್ಲಿ ದೂರ ಹೋಗಿ ಬೆಂಕಿಪೊಟ್ಟಣದಷ್ಟಾಗಿತ್ತು.

"ನಿದ್ದೆ ಮಾಡಿದ್ರಾ?" ಎಂದು ರೋನೆಲ್ ಕಿಟಕಿಗೆ ಬಗ್ಗಿದಳು. "ಮೂರನೇ ಹಳದಿ ಹೊತ್ತಿದ ತಕ್ಷಣ ಬ್ರೇಕಿನಿಂದ ಕಾಲು ತೆಗೀಬೇಕು. ಕಾರು ಕದಲೋಷ್ಟರಲ್ಲಿ ಹಸಿರಾಗಿರುತ್ತೆ."

"ಹಸಿರು ಬರದಿದ್ರೆ?"

"ಮೂರು ಹಳದಿ ಆದ್ಮೇಲೆ ಇನ್ನೇನ್ ಬರುತ್ತೆ, ನೇರಳೇನಾ? ಬರುತ್ತೆ ಅಂತ ನಂಬಿ ಹೊರಡಬೇಕು. ನಂಬಿಕೆ ವಿಷಯಾನ ನಿಮಗೆ ನಾನು ಹೇಳ್ಕೊಡ್ಬೇಕಾ?"

ಎಲ್ಡನ್ ಅವಳನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದ. ಟೋಪಿ ಹುಡುಕಿದ. ಟೋಪಿ ಇರಲಿಲ್ಲ. ಬಾಯಿ ಮುಚ್ಚಿದ.

ಭಾನುವಾರ ಬೆಳಿಗ್ಗೆ ಕಾರು ಹೊತ್ತು ತಂದ ಟ್ರೇಲರುಗಳ ನಡುವೆ ಮಡಿಸುವ ಕುರ್ಚಿ ಹಾಕಿ ಬ್ರದರ್ ಹಾಲಿಸ್ ಆರಾಧನೆ ನಡೆಸಿದರು. ಪೆಟ್ರೋಲಿನ ವಾಸನೆ, ಬಿಸ್ಕಿಟ್ಟು ಗ್ರೇವಿ ಎಂಬ ಅಲ್ಲಿನ ನಾಷ್ಟಾದ ವಾಸನೆ. ಸಾಕ್ಷಿ ಹೇಳುವವರು ಯಾರಾದರೂ ಇದ್ದೀರಾ ಅಂದಾಗ ಎಲ್ಡನ್ ಎದ್ದು ನಿಂತ. ಚಿಕ್ಕಮ್ಮ ಕುರ್ಚಿಯ ತುದಿಗೆ ಸರಿದಳು. ಟೋಪಿ ಒಂದು ಸುತ್ತು ತಿರುಗಿತು, ಎರಡು ಸುತ್ತು ತಿರುಗಿತು.

"ಕಾರು ಅಲ್ಲಿದೆ," ಎಂದು ಕೈ ತೋರಿಸಿ ಕೂತುಬಿಟ್ಟ.

ಎಲ್ಲರೂ ಕತ್ತು ತಿರುಗಿಸಿ ಕಾರನ್ನು ನೋಡಿದರು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ದೊಡ್ಡದಾಗಿ "ಆಮೆನ್" ಅಂದರು.

ಮೊದಲ ಸುತ್ತು ಹನ್ನೊಂದೂವರೆಗೆ. ಸೋತವರು ಮನೆಗೆ. ರೋನೆಲ್ ಗಂಟುಮೂಟೆ ಕಟ್ಟಿ, ಪಿಕಪ್ಪಿನ ಮೂತಿಯನ್ನು ಗೇಟಿನ ಕಡೆಗೇ ತಿರುಗಿಸಿ ನಿಲ್ಲಿಸಿದ್ದಳು. "ನೀವು ಓಡಿಸಿ ಆ ತುದಿಯಿಂದ ವಾಪಸ್ ಬರೋಷ್ಟರಲ್ಲಿ ನಾನು ಹೊರಟಿರ್ತೀನಿ. ವಿದಾಯ ಗಿದಾಯ ನನ್ನ ಕೈಲಾಗಲ್ಲ," ಎಂದಳು.

ಅವನ ಭುಜದ ಬೆಲ್ಟನ್ನು ಬಿಗಿಯುವುದು ಅವಳದೇ ಕೆಲಸ. ಕಾರಿನೊಳಗೆ ಬಗ್ಗಿ ಎಳೆಯುವಾಗ ಅವಳ ಕಣ್ಣು ಸೀಟಿನ ಪಕ್ಕಕ್ಕೆ ಬಿತ್ತು. ಪಂಜರಕ್ಕೆಲ್ಲ ಕಪ್ಪು ಬಣ್ಣ. ಆ ಸಣ್ಣ ಪಟ್ಟಿಗೆ ಮಾತ್ರ ಬಣ್ಣವಿಲ್ಲ. ಹಾವು ಹರಿದಂಥ ಆ ಸೊಟ್ಟ ಬೆಸುಗೆ, ತುಕ್ಕು ಹಿಡಿಯದ ಹಾಗೆ ಮೇಲೊಂದು ತಿಳಿ ವಾರ್ನಿಷ್ ಹೊದ್ದು, ಹೊಳೆಯುತ್ತಾ ಕೂತಿದೆ.

"ಇದನ್ನ ಉಜ್ಜಿ ತೆಗೀಲಿಲ್ವಾ?"

"ಇಲ್ಲ."

"ಕುಂದಲ್ವಾ ಇದು?"

ಶಿರಸ್ತ್ರಾಣದೊಳಗಿಂದ ಆ ಬೂದು ಕಣ್ಣು ಅವಳನ್ನೇ ನೋಡಿತು. "ನೀನು ನಕ್ಕಿದ್ದು ಅದು," ಎಂದ ಎಲ್ಡನ್.

ಅಷ್ಟರಲ್ಲಿ ಅಧಿಕಾರಿ ಕೈ ಬೀಸಿದ. ಚಕ್ರ ಬಿಸಿ ಮಾಡಿಕೊಳ್ಳಲೆಂದು ನೆಲಕ್ಕೆ ಸುರಿದಿದ್ದ ನೀರಿನ ಮೇಲೆ ಕಾರು ಹತ್ತಿ, ಹಿಂದಿನ ಚಕ್ರ ಗಿರ್ರನೆ ತಿರುಗಿ ಬಿಳಿ ಹೊಗೆ ಎದ್ದಿತು. ಹೊಗೆಯಿಂದ ಹೊರಬಂದ ಕಾರನ್ನು ಅದರ ಚಕ್ರ ಬಿಟ್ಟ ಗೆರೆಯ ಮೇಲೇ ಹೊರಡುವ ಜಾಗಕ್ಕೆ ಹಿಂದಕ್ಕೆ ಕರೆದುಕೊಂಡು ಬರಬೇಕು. ರೋನೆಲ್ ಮುಂದೆ ನಿಂತು ಎರಡು ಬೆರಳಾಡಿಸುತ್ತಾ ದಾರಿ ತೋರಿಸಿದಳು. ಸ್ವಲ್ಪ ಎಡಕ್ಕೆ. ಸಾಕು. ಬಾ. ಆತ ಹಿಂದೆ ನೋಡಲಿಲ್ಲ, ಕನ್ನಡಿ ನೋಡಲಿಲ್ಲ. ಗಾಜಿನಾಚೆಯಿಂದ ಅವಳ ಬೆರಳು ನೋಡಿದ, ಅವಳ ಮುಖ ನೋಡಿದ. ಕಾರು ಒಂದು ಕೂದಲೆಳೆಯೂ ಆಚೀಚೆ ಆಗಲಿಲ್ಲ. ಕೊನೆಗೆ ಅಂಗೈ ಎತ್ತಿ "ನಿಲ್ಲು" ಅಂದಳು. ಆ ಕೈ ಇಳಿಸಲು ಅವಳಿಗೆ ಮನಸ್ಸೇ ಬರಲಿಲ್ಲ.

ಪಕ್ಕಕ್ಕೆ ಸರಿದಳು. ಜೇಬಿನಲ್ಲಿ ಪಿಕಪ್ಪಿನ ಕೀಲಿ ಒತ್ತುತ್ತಿತ್ತು.

ಒಂದನೇ ಹಳದಿ. ಎರಡನೇ ಹಳದಿ...

ಕಾರು ಸಿಡಿಲಿನ ಹಾಗೆ ಹಾರಿಹೋಯಿತು. ಕಂಬದಲ್ಲಿ ಕೆಂಪು ದೀಪ ಹೊತ್ತಿಕೊಂಡಿತು.

"ಅಯ್ಯೋ!" ಎಂದಿತು ಜನ. "ಆರು ವರ್ಷ ಕಟ್ಟಿ ಕೆಂಪು ಹತ್ತಿಸಿಬಿಟ್ಯಲ್ಲೋ ಮುಂಡೇದೇ!" ಎಂದು ಚಿಕ್ಕಮ್ಮ ಕುರ್ಚಿಯಿಂದ ಎದ್ದು ಕೂಗಿದಳು.

ರೋನೆಲ್ ಬಾಯಿ ಮೇಲೆ ಕೈ ಇಟ್ಟುಕೊಂಡಳು. ಹಸಿರು ಕಂಡರೂ ಇನ್ನೊಮ್ಮೆ ನೋಡಿ ಹೊರಡುವ ಗಂಡಸು ಎರಡನೇ ಹಳದಿಗೇ ಹೊರಟುಹೋದ! ಅವಳಿಗೆ ಅಳುವೋ ನಗುವೋ ತಿಳಿಯಲಿಲ್ಲ. ಓಡಿಹೋಗಿ ಪಿಕಪ್ಪು ಹತ್ತಿದಳು. ಗೇಟಿನ ಕಡೆ ನೋಡುತ್ತಿದ್ದ ಅದರ ಮೂತಿಯನ್ನು ಪೂರ್ತಿ ತಿರುಗಿಸಿ, ಕಾರುಗಳು ಹಿಂದಿರುಗುವ ದಾರಿಯಲ್ಲಿ ಆ ತುದಿಗೆ ಬಿಟ್ಟಳು.

ಎಲ್ಡನ್ ಶಿರಸ್ತ್ರಾಣ ತೆಗೆದು, ಟೋಪಿ ಹಾಕಿಕೊಂಡು, ಹುಲ್ಲಿನ ಮೇಲೆ ಕಾರಿಗೆ ಒರಗಿ ಕೂತಿದ್ದ.

"ಸೋತೆ," ಎಂದ.

"ಕಂಡೆ. ಆರು ವರ್ಷ ಕಾದವರಿಗೆ ಇನ್ನರ್ಧ ಸೆಕೆಂಡು ಕಾಯೋಕೆ ಏನಾಗಿತ್ತು?"

"ಬೇಗ ಹೋದ್ರೆ ಬೇಗ ವಾಪಸ್ ಬರಬಹುದು ಅನ್ನಿಸ್ತು. ನೀನು ಗೇಟು ದಾಟೋ ಮುಂಚೆ."

"ಅರ್ಧ ಸೆಕೆಂಡು ಬೇಗ!"

"ಅರ್ಧ ಸೆಕೆಂಡು," ಎಂದು ಆತ ಒಪ್ಪಿಕೊಂಡ, ಅದೇನೂ ಕಡಿಮೆಯಲ್ಲ ಎಂಬ ಹಾಗೆ.

ಅವಳು ಪಕ್ಕದಲ್ಲಿ ಕೂತಳು. ಇಂಜಿನ್ ಆರುತ್ತಾ ಟಿಕ್ ಟಿಕ್ ಅನ್ನುತ್ತಿತ್ತು. "ಈಗ ದೇವರಿಗೇನ್ ಹೇಳ್ತೀಯ? ಕಾಣಿಕೆ ಸೋತುಹೋಯ್ತಲ್ಲ."

"ಗೆಲುವು ಕೊಡ್ತೀನಿ ಅಂದಿರ್ಲಿಲ್ಲ ನಾನು. ಕಾರು ಕೊಡ್ತೀನಿ ಅಂದಿದ್ದೆ. ಕೊಟ್ಟಾಯ್ತು, ಕುಂದಿನ ಸಮೇತ." ಆತ ಹುಲ್ಲು ಕಿತ್ತ. "ರೋನೆಲ್."

ಕೈಲಿದ್ದ ಹುಲ್ಲು ಬಿತ್ತು. ಇಬ್ಬರೂ ಅದನ್ನು ನೋಡಿದರು.

"ಇರು ಅನ್ನಲ್ಲ ನಾನು. ಶಾಲೆ ಬಸ್ಸು ಕಡಲತೀರದಲ್ಲೂ ಕೆಡುತ್ತೆ. ನಾನೇ ಬರ್ತೀನಿ, ನೀನು ಹೂಂ ಅಂದ್ರೆ. ಆದ್ರೆ ಬುಧವಾರದವರೆಗೆ ಕಾಯ್ತೀಯಾ? ಸಭೇಲಿ ಎದ್ದು ನಿಂತು ಹೇಳಬೇಕು ನಾನು. ಎಲ್ಲರ ಮುಂದೆ. ಬಾಯಲ್ಲಿ."

ಎಂದೂ ಯಾವುದಕ್ಕೂ ಕಾಯದ ರೋನೆಲ್ ಬೆರಳು ಮಡಚಿ ಎಣಿಸಿದಳು. ಸೋಮವಾರ. ಮಂಗಳವಾರ. ಬುಧವಾರ. ಮೂರು ಹಳದಿ ದೀಪ.

"ಹಡಗಿನವರಿಗೆ ಫೋನ್ ಮಾಡ್ತೀನಿ, ಗುರುವಾರ ಬರ್ತೀವಿ ಅಂತ," ಎಂದಳು. ಆಮೇಲೆ ಅವನ ತಲೆಯ ಮೇಲಿನ ಟೋಪಿ ಕಿತ್ತುಕೊಂಡು ತನ್ನ ತಲೆಗಿಟ್ಟುಕೊಂಡಳು. "ಇದು ಬುಧವಾರದವರೆಗೆ ನನ್ನ ಹತ್ರ ಇರ್ಲಿ."