ಅಗಿಗೆ ಅರಿಷಿಣ

ನಾಲ್ಕನೆಯ ಸಾಲಿನಲ್ಲೂ ಎಲೆಮೂಗು ಕೆಂಪು ದೀಪ ಹೊತ್ತಿಸಿತು. ಐದು, ಆರು, ಏಳು. ಶಾವಂತ್ರವ್ವನ ಎರಡೆಕರೆ ಮೆಣಸಿನ ಹೊಲ ಮುಗಿಯುವವರೆಗೆ ಒಂದು ಗಿಡಕ್ಕೂ ಹಸಿರು ಬರಲಿಲ್ಲ. ಈ ಯಂತ್ರವನ್ನು ಕಂಡುಹಿಡಿದ ಸಸ್ಯರೋಗ ವಿಜ್ಞಾನಿ ಡಾ. ಮೆಹಜಬೀನ್ ನದಾಫ್ ಹುಬ್ಬಳ್ಳಿಯಿಂದ ಖುದ್ದಾಗಿ ಬಂದಿದ್ದರು. ಒಂದೂ ಗಿಡ ಬಿಡದೆ ರೋಗ ಹಿಡಿದ ಹೊಲವನ್ನು ಅವರು ಕಂಡಿರಲಿಲ್ಲ.

ಎಲೆಮೂಗು ಕೋಲಿನ ತುದಿಗೆ ಕಟ್ಟಿದ ಅಂಗೈಯಗಲದ ಯಂತ್ರ. ಎಲೆ ಬಿಡುವ ಆವಿಯನ್ನು ಮೂಸಿ, ಒಳಗೆ ವೈರಸ್ ಇದೆಯೇ ಎಂದು ಹೇಳುತ್ತದೆ. ಎಲೆ ಮುರುಟುವ ಮೊದಲೇ ಹೇಳುತ್ತದೆ. ಅದನ್ನು ನಂಬಿ ಸರ್ಕಾರ ಕಾಯ್ದೆಯನ್ನೇ ತಂದಿತ್ತು: ಕೆಂಪು ಬಂದ ಗಿಡವನ್ನು ನಾಲ್ಕು ದಿನದೊಳಗೆ ಕಿತ್ತು ಸುಡಬೇಕು. ಮೂಗಿಗೆ ಇಷ್ಟೊಂದು ಅಧಿಕಾರ ಕೊಟ್ಟವರು ಕಣ್ಣಿಗೂ ಸ್ವಲ್ಪ ಉಳಿಸಬಹುದಿತ್ತು. ಶಾವಂತ್ರವ್ವನ ಗಿಡಗಳು ಸೊಂಟದೆತ್ತರ ಬೆಳೆದು ಕಾಯಿಯ ಭಾರಕ್ಕೆ ಬಾಗಿದ್ದವು.

"ಸುಡೂದಿಲ್ರೀ ಬಾಯಾರ," ಎಂದಳು ಶಾವಂತ್ರವ್ವ. "ಇದು ನಮ್ಮತ್ತಿ ಕೊಟ್ಟ ಬೀಜ. ಈ ಹೊಲ ಸುಟ್ರ ಈ ತಳೀನ ಇರೂದಿಲ್ಲ."

"ಒಳಗ ವೈರಸ್ ಐತ್ರಿ ಅವ್ವಾರ. ಗಿಡಾ ಚೆಂದ ಕಂಡ್ರೂ ಊರಿಗೆಲ್ಲಾ ಹಬ್ಬಸ್ತಾವು. ಅಗಿ ಹೆಂಗ ಹಚ್ಚತೀರಿ?"

ಅಗಿ ಎಂದರೆ ಸಸಿ. ಶಾವಂತ್ರವ್ವ ಅವರನ್ನು ಹಿತ್ತಲಿಗೆ ಕರೆದೊಯ್ದಳು. ಅಲ್ಲೊಂದು ಹಳೆಯ ಮೆಣಸಿನ ಗಿಡವಿತ್ತು. ಅದರ ಎಲೆಯನ್ನು ಅರಿಷಿಣ, ಒಲೆಯ ಬೂದಿಯೊಡನೆ ಅರೆದು, ನಾಟಿಗೆ ಮೊದಲು ಒಂದೊಂದು ಅಗಿಗೂ ಬಟ್ಟೆಯಿಂದ ತಿಕ್ಕುವುದು ಅವರ ಮನೆತನದ ಪದ್ಧತಿ. ಮದುಮಗಳಿಗೆ ಹಚ್ಚಿದ ಹಾಗೆ ಅಗಿಗೂ ಅರಿಷಿಣ ಹಚ್ಚಿ ಹೊಲಕ್ಕೆ ಕಳಿಸಬೇಕು ಎಂದು ಅತ್ತೆ ಕಲಿಸಿದ್ದಳು.

ಡಾ. ನದಾಫ್ ಹಳೆಯ ಗಿಡಕ್ಕೆ ಯಂತ್ರ ಹಿಡಿದರು. ಕೆಂಪು.

"ಬೂದಿ ತಿಕ್ಕಿದ್ರ ಎಲಿಗೆ ಸಣ್ಣ ಗಾಯ ಆಗ್ತಾವ್ರಿ. ರಸದಾಗಿನ ವೈರಸ್ ಅಲ್ಲಿಂದ ಒಳಗ ಹೋಗ್ತದ. ರೋಗಾ ಹಚ್ಚಾಕಿ ನೀವ ಅದೀರಿ."

"ಹೌದ್ರಿ, ನಾನ ಹಚ್ಚೇನಿ. ಬರೂ ವರ್ಷಾನೂ ಹಚ್ಚತೀನಿ," ಎಂದು ಶಾವಂತ್ರವ್ವ ಹೋಗಿ ಹೊಲದ ನಡುವೆ ಕುಳಿತಳು. ನಾಲ್ಕು ದಿನವಾದರೂ ಏಳಲಿಲ್ಲ. ಬುತ್ತಿ ಅಲ್ಲಿಗೇ ಬಂತು. ಐದನೆಯ ದಿನ ಡಾ. ನದಾಫ್ ಅನುಮಾನದಲ್ಲಿಯೇ 'ಸಂಶೋಧನೆಗೆ ಬೇಕು' ಎಂದು ಬರೆದು ಒಂದು ತಿಂಗಳು ಬಿಡುವು ಕೊಡಿಸಿದರು.

ಆ ತಿಂಗಳೇ ಹೊಸ ಮುರುಟುರೋಗ ಬಂತು. ಅದೇ ವೈರಸ್ಸಿನ ಉಗ್ರ ಬಗೆ. ಯಂತ್ರ ಕೆಂಪು ತೋರಿಸುವ ಹೊತ್ತಿಗೆ ಪಕ್ಕದ ಹೊಲವೂ ಹಿಡಿದಿರುತ್ತಿತ್ತು. ಹಸಿರು ದೀಪದ ಹೊಲಗಳೆಲ್ಲ ಮಲಗಿದವು, ಶಾವಂತ್ರವ್ವನದು ನಿಂತಿತು. ಅವಳ ಗಿಡಗಳಲ್ಲಿದ್ದುದು ಸೌಮ್ಯ ಬಗೆ, ಗಿಡಕ್ಕೆ ಕೇಡು ಮಾಡದು. ಜೀವಕೋಶಗಳಲ್ಲಿ ಅದು ಮೊದಲೇ ಮನೆ ಮಾಡಿದ್ದರಿಂದ ಉಗ್ರ ಬಗೆಗೆ ಒಳಗೆ ಜಾಗ ಸಿಗಲಿಲ್ಲ.

ಸರ್ಕಾರ ತಪ್ಪನ್ನು ಒಪ್ಪಿಕೊಂಡಿತು, ಆದರೆ ತನ್ನದೇ ರೀತಿಯಲ್ಲಿ. ಮರುವರ್ಷ ಶಾವಂತ್ರವ್ವನ ಸೌಮ್ಯ ವೈರಸ್ ಇದ್ದ ಅರಿಷಿಣ ಸೀಸೆಗಳಲ್ಲಿ ಬಂತು. ಎಲ್ಲರೂ ಹಚ್ಚುವುದು ಕಡ್ಡಾಯ. ಈಗ ಹಸಿರು ತೋರಿಸಿದ ಗಿಡವನ್ನು ಕಿತ್ತು ಸುಡಬೇಕು.

ನೆರೆಯ ಯಮನೂರಪ್ಪನ ಹೊಲದಲ್ಲಿ ನಲವತ್ತು ಗಿಡಗಳು ಮೂರು ಸಲ ಅರಿಷಿಣ ಹಚ್ಚಿದರೂ ಹಸಿರನ್ನೇ ತೋರಿಸಿದವು. ಹಿಂದಿನ ವರ್ಷ ಮಲಗಿದ ಅವನ ಹೊಲದಲ್ಲಿ ಏನೂ ಹಚ್ಚದೆ ಉಳಿದಿದ್ದ ಒಂದೇ ಗಿಡದ ಬೀಜದಿಂದ ಬೆಳೆದವು ಅವು. ಡಾ. ನದಾಫ್ ಆದೇಶದೊಡನೆ ಬಂದಾಗ ಆ ಸಾಲಿನಲ್ಲಿ ಶಾವಂತ್ರವ್ವ ಕುಳಿತಿದ್ದಳು. ಯಮನೂರಪ್ಪ ಬದುವಿನ ಮೇಲೆ ನಿಂತಿದ್ದ.

"ಅವ್ವಾರ, ಇದು ನಿಮ್ಮ ಅರಿಷಿಣದ ಕಾಯ್ದೇರಿ. ನೀವ ಅಡ್ಡ ಬಂದ್ರ ಹೆಂಗ?"

"ನಾ ಕಾಯ್ದೆ ಮಾಡ್ರಿ ಅಂದಿದ್ನೇನ್ರಿ? ನನ್ನ ಗಿಡಾ ಬಿಡ್ರಿ ಅಂದಿದ್ದೆ. ಆ ಹಡಬಿಟ್ಟಿ ರೋಗಾನೂ ಇದರೊಳಗ ಹೋಗ್ಲಿಲ್ಲ, ನನ್ನ ಅರಿಷಿಣಾನೂ ಹೋಗವಲ್ದು. ಯಾಕ ಹೋಗವಲ್ದು ಅಂತ ಕೇಳೂದು ಬಿಟ್ಟು ಸುಡಾಕ ಬಂದೀರಲ್ರಿ, ಇಷ್ಟು ಓದಿದಾಕಿ ನೀವು."

ಡಾ. ನದಾಫ್‌ಗೆ ಮಾತು ನಾಟಿತು. ಎರಡು ವರ್ಷ ದೀಪದ ಬಣ್ಣ ನೋಡಿದ್ದರೇ ಹೊರತು ಈ ಒಂದು ಪ್ರಶ್ನೆ ತಮಗೆ ಹೊಳೆದಿರಲಿಲ್ಲ. ನಾಚಿಕೆಯಾಯಿತು, ಅದರ ಹಿಂದೆಯೇ ಸಿಟ್ಟು ಬಂತು. ಬದುವಿನಾಚೆ ಕೃಷಿ ಇಲಾಖೆಯ ಜೀಪು ಬಂದು ನಿಂತಿತು, ಸುಡುವವರು ಇಳಿದರು.

ಡಾ. ನದಾಫ್ ಯಂತ್ರದ ಬ್ಯಾಟರಿ ಕಳಚಿ ಚೀಲಕ್ಕೆ ಹಾಕಿಕೊಂಡರು. ಚಪ್ಪಲಿ ಬಿಟ್ಟು ಸಾಲಿಗಿಳಿದರು.

"ಸರೀರಿ ಅವ್ವಾರ. ನನಗೂ ಒಂಚೂರು ಜಾಗಾ ಕೊಡ್ರಿ."